ಮಗನನ್ನು ಕೊಟ್ಟ ಮನೆ

ದಿಗ್ಗೇವಾಡಿಯಲ್ಲಿ ಯಾರ ಮನೆಯ ಹುಡುಗಿಗೆ ಗಂಡು ಗೊತ್ತು ಮಾಡಬೇಕಾದರೂ ಮೊದಲು ಸುಂದ್ರವ್ವ ಒಂದು ಸುತ್ತು ಹೋಗಿ ಬರಬೇಕು. ಹಿರಿಯರು ಇಸ್ತ್ರಿ ಮಾಡಿದ ಟೋಪಿ ಇಟ್ಟುಕೊಂಡು, ಗಾಡಿ ಮಾಡಿಕೊಂಡು ಹೋಗಿ, ಅವಲಕ್ಕಿ ತಿಂದು, ಗಂಟಲು ಸರಿಮಾಡಿಕೊಂಡು ಮಾತು ತೆಗೆಯುವುದೆಲ್ಲ ಆಮೇಲಿನ ಸಂಭ್ರಮ. ಅದಕ್ಕೂ ಮುಂಚೆ ಈ ಹೆಂಗಸು ಸದ್ದಿಲ್ಲದೆ ಬಸ್ಸು ಹತ್ತುತ್ತಾಳೆ. ಆ ಊರಿನ ಗಿರಣಿಯಲ್ಲಿ ಹಿಟ್ಟು ಬೀಸಲು ನಿಂತವರ ಜೊತೆ ತಾನೂ ಒಂದಿಷ್ಟು ಹೊತ್ತು ನಿಲ್ಲುತ್ತಾಳೆ. ಆಮೇಲೆ ಗಂಡಿನ ಮನೆಯ ಮುಂದೆ ಹೋಗಿ, "ಯವ್ವಾ, ಬಿಸಿಲಾಗ ಬಂದೀನಿ, ಒಂದ ತಂಬಿಗಿ ನೀರ ಕೊಡ್ತೀರೇನು?" ಅನ್ನುತ್ತಾಳೆ. ನೀರು ಕುಡಿದು ತಂಬಿಗೆ ಕೆಳಗಿಡುವಷ್ಟರಲ್ಲಿ ಆ ಮನೆತನದ ಹೊಟ್ಟೆಯೊಳಗಿನದೆಲ್ಲ ಅವಳಿಗೆ ಗೊತ್ತಾಗಿರುತ್ತದೆ. ಇದಕ್ಕೆ ಊರಲ್ಲಿ ಚೌಕಶಿ ಅನ್ನುತ್ತಾರೆ.

"ಊರ ಉಸಾಬರಿ ಎಲ್ಲಾ ಇಕೀಗೇ ಬೇಕು" ಎಂದು ಕಟ್ಟೆಯ ಮೇಲೆ ಕೂತು ಬೈಯುವ ಗಂಡಸರೇ, ತಮ್ಮ ಮಗಳ ಹೊತ್ತು ಬಂದಾಗ ಅವಳ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಜೈನರ ಸೋನಾಬಾಯಿಯ ಮಗಳಿಗೂ ಅವಳೇ ಹೋಗಿದ್ದಳು, ವೆಲ್ಡಿಂಗ್ ಅಂಗಡಿಯ ದಸ್ತಗೀರನ ಮಗಳಿಗೂ ಅವಳೇ. ದಸ್ತಗೀರನ ಮಗಳಿಗೆ ಬಂದ ಮೊದಲ ಸಂಬಂಧವನ್ನು ಮೀರಜಿನಿಂದ ತಿರುಗಿ ಬಂದ ಸಂಜೆಯೇ ಬೇಡ ಅಂದಳು. "ಆ ಮನ್ಯಾಗ ಸೊಸಿ ತಲಿ ಎತ್ತಿ ಮಾತಾಡಲಿಲ್ಲ ತಮ್ಮಾ, ಬಿಟ್ಟಬಿಡು." ಅದೇ ಮೀರಜಿನ ಎರಡನೆಯ ಮನೆಗೆ ಹೂಂ ಅಂದಳು. ಆ ಹುಡುಗಿ ಈಗ ಅಲ್ಲೇ ಸುಖವಾಗಿದ್ದಾಳೆ.

ಇಂಥ ಸುಂದ್ರವ್ವ ತನ್ನ ಮನೆಯೊಳಗೇ ಮೋಸ ಹೋದಳು ನೋಡಿ.

ಮಗ ಲಖನ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯುವವನು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಿ ಬೇಕಾದರೆ, ಅವಳಿಗೆ ಅವನೊಬ್ಬನೇ. ದೀಪಾವಳಿ ಕಳೆದ ಮೇಲೆ ಅವನು ಗಡಿ ಧರ್ಮರಕ್ಷಾ ಪಡೆ ಅನ್ನುವುದೊಂದನ್ನು ಸೇರಿದ. ಕೊರಳಿಗೆ ಶಾಲು ಬಂತು, ಜೇಬಿನ ಫೋನು ದಿನವಿಡೀ ಟಿಂಗ್ ಟಿಂಗ್ ಅನ್ನತೊಡಗಿತು. ಸುಂದ್ರವ್ವನಿಗೆ ಮೊದಲು ಖುಷಿಯೇ ಆಯಿತು. ಹುಡುಗ ಧಾಬಾ ಬಿಟ್ಟು ಮಾರುತಿ ಗುಡಿಯಲ್ಲಿ ಕೂರುತ್ತಾನಲ್ಲ, ತಾಯಿಗೆ ಇನ್ನೇನು ಬೇಕು? ಪಡೆಯ ಹುಡುಗರು ಮನೆಗೆ ಬಂದಾಗ ತುಪ್ಪ ಹಾಕಿ ಶಿರಾ ಮಾಡಿ ಬಡಿಸಿದವಳೂ ಅವಳೇ.

ಆಮೇಲೆ ಲಖನ ದಸ್ತಗೀರನ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದ. ಚಡ್ಡಿ ಹಾಕುವಾಗಿನಿಂದ ಆ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕಿಡಿ ಹಾರುವುದನ್ನು ನೋಡಬೇಡವೆಂದರೂ ನೋಡಿ, ಕಣ್ಣು ಉರಿಸಿಕೊಂಡು ಬಂದು ಅವಳ ಕೈಲಿ ಏಟು ತಿಂದ ಹುಡುಗ. ಈಗ ಟ್ರ್ಯಾಲಿಯ ಕೊಂಡಿ ಮುರಿದರೆ ರಾಯಬಾಗದ ತನಕ ಎಳೆದುಕೊಂಡು ಹೋಗುತ್ತಾನೆ. ಎದುರಿಗೆ ಅಂಗಡಿ, ಬಾಗಿಲು ತೆರೆದು ಕೂತ ಮನುಷ್ಯ!

ಸುಂದ್ರವ್ವನಿಗೆ ಸಿಟ್ಟಿಗಿಂತ ಮೊದಲು ಕುತೂಹಲ ಬಂತು. ಅವಳ ಹುಟ್ಟುಗುಣವೇ ಅದು.

"ದಸ್ತಗೀರ ನಿನಗೇನ ಮಾಡಿದನೋ?"

"ಏನೂ ಮಾಡಿಲ್ಲ."

"ಮತ್ತ?"

"ಇವತ್ತ ಮಾಡಿಲ್ಲ, ನಾಳಿ ಮಾಡ್ತಾರ. ದಾದಾ ಹೇಳ್ಯಾರ."

"ಆ ದಾದಾಗ ಯಾರ ಹೇಳಿದ್ರು?"

"ಅವ್ವಾ, ನಿನಗಿದೆಲ್ಲಾ ತಿಳಿಯೂದಿಲ್ಲ. ಸುಮ್ಮ ರೊಟ್ಟಿ ಬಡಿ."

ತಿಳಿಯುವುದಿಲ್ಲವಂತೆ! ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಮನೆಯ ಅತ್ತೆ ಯಾವ ಸೊಸೆಗೆ ಹಾಲಿನ ಕೆನೆ ಕೊಡುವುದಿಲ್ಲ ಅನ್ನುವುದು ತಿಳಿದವಳಿಗೆ ಇದು ತಿಳಿಯುವುದಿಲ್ಲ! ಸುಂದ್ರವ್ವ ರೊಟ್ಟಿಯನ್ನು ಅಂದು ಸ್ವಲ್ಪ ಜೋರಾಗಿಯೇ ಬಡಿದಳು.

ಮಾರನೆಯ ದಿನ ಸೊಸೆ ಭಾಗ್ಯಾ ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತ, ಗಂಡನ ಫೋನಿನಲ್ಲಿ ಕಂಡದ್ದನ್ನು ಮೆಲ್ಲಗೆ ಹೇಳಿದಳು. ದಸ್ತಗೀರನ ಅಂಗಡಿ ನಿಂತಿರುವುದು ದೇವರ ಜಾಗದಲ್ಲಿ ಎಂದು ಯಾರೋ ಬರೆದು ಕಳಿಸಿದ್ದಾರೆ. ಬರುವ ರವಿವಾರ ಮೆರವಣಿಗೆ. ಅಂಗಡಿಯ ಮುಂದೆ ಮೆರವಣಿಗೆ ನಿಲ್ಲಬೇಕು, ಒಬ್ಬ ಮೇಲೆ ಹತ್ತಿ ತಗಡಿನ ಮೇಲೆ ಧ್ವಜ ನೆಡಬೇಕು, ಅದರ ವಿಡಿಯೋ ಆಗಬೇಕು.

"ಹತ್ತಾವ ಯಾರು?"

ಭಾಗ್ಯಾ ಇನ್ನಷ್ಟು ಬಗ್ಗಿ ಪಾತ್ರೆ ತಿಕ್ಕಿದಳು. ಸುಂದ್ರವ್ವನಿಗೆ ಅರ್ಥವಾಯಿತು.

ಅವಳು ನೇರವಾಗಿ ದಸ್ತಗೀರನ ಅಂಗಡಿಗೆ ಹೋದಳು. ಅವನಿಗೂ ಸುದ್ದಿ ಮುಟ್ಟಿತ್ತು. "ಅಕ್ಕಾ, ಅಂಗಡಿ ಜಾಗಾ ನಮ್ಮ ಅಜ್ಜ ಖರೀದಿ ಮಾಡಿದ್ದು, ಅದು ನಿಮಗೂ ಗೊತ್ತೈತಿ. ಆವತ್ತೊಂದಿನ ಬಾಗಲಾ ಹಾಕ್ಕೊಂಡು ಕೂಡ್ತೀನಂದ್ರ, ಅಳಿಯನ ತಮ್ಮಂದಿರು ಇಬ್ಬರು ಮೀರಜಿನಿಂದ ಬರ್ತೀವಿ ಅನ್ನಾಕತ್ತಾರ. ಬ್ಯಾಡಂದ್ರೂ ಕೇಳವಲ್ಲರು. ಬಿಸಿ ರಕ್ತ ಅವರದೂ. ಸುಮ್ಮ ಕೂಡಾವರಲ್ಲ." ಅವನ ದನಿಯಲ್ಲಿ ದೂರು ಇರಲಿಲ್ಲ, ಹೆದರಿಕೆ ಇತ್ತು. ಕೆಳಗಿಂದ ಒಂದು ಕಬ್ಬಿಣದ ತುಂಡು ಹಾರಿದರೆ ಸಾಕು, ತಗಡಿನ ಮೇಲಿರುವ ಅವಳ ಮಗ ಒಂದೋ ಆಸ್ಪತ್ರೆಗೆ, ಇಲ್ಲವೋ ಹಿಂಡಲಗಾ ಜೈಲಿಗೆ.

ರಾತ್ರಿ ಊಟಕ್ಕೆ ಬಡಿಸುತ್ತ ಮಗನನ್ನು ಕೇಳಿದಳು. ದಾದಾ ಅಂದರೆ ಪಡೆಯ ಮುಖಂಡ ವಿಕ್ರಾಂತ. ನಿಪ್ಪಾಣಿಯವನು. ಅಷ್ಟು ಅವನಿಗೆ ಗೊತ್ತಿತ್ತು.

"ಮನ್ಯಾಗ ಯಾರ ಯಾರ ಅದಾರ?"

"ಯಾರಿಗ ಗೊತ್ತ?"

"ಏನ ಉದ್ಯೋಗ ಮಾಡ್ತಾನ?"

"ಧರ್ಮದ ಕೆಲಸ ಮಾಡ್ತಾರ."

"ಹೊಟ್ಟಿಗೆ?"

ಲಖನ ತಾಟು ಬಿಟ್ಟು ಎದ್ದುಹೋದ. ಸುಂದ್ರವ್ವ ಅಲ್ಲೇ ಕೂತು ಹಣೆ ಚಚ್ಚಿಕೊಂಡಳು. ಮಗಳನ್ನು ಕೊಡುವ ಮನೆಯನ್ನು ಊರೆಲ್ಲ ಸೇರಿ ಜಾಲಾಡುತ್ತೇವೆ. ಮಗನನ್ನು ಕೊಟ್ಟ ಮನೆ ಯಾವ ಓಣಿಯಲ್ಲಿದೆ ಎಂದೂ ಕೇಳಲಿಲ್ಲವಲ್ಲ! ಊರಿನ ಹೆಣ್ಣುಮಕ್ಕಳಿಗೆಲ್ಲ ಚೌಕಶಿ ಮಾಡಿದವಳು ತನ್ನ ಹುಡುಗನನ್ನು ಒಂದು ತಂಬಿಗೆ ನೀರು ಕುಡಿಯದೆ, ಶಿರಾ ಮಾಡಿ ಬಡಿಸಿ ಕಳಿಸಿಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಸೋನಾಬಾಯಿಯ ಹೊಲಕ್ಕೆ ಕಳೆ ತೆಗೆಯಲು ಹೋಗುವ ಬದಲು ಸೋನಾಬಾಯಿಯ ಮನೆಗೇ ಹೋದಳು.

"ವೈನಿ, ನಡೀರಿ, ನಿಪ್ಪಾಣಿಗೆ ಹೋಗಿ ಬರೂಣು."

"ಯಾರ ಲಗ್ನ ಬೇ?"

"ನಮ್ಮ ಲಖನಂದು. ಲಗ್ನ ಆಗಿ ನಾಕ ತಿಂಗಳಾತು, ಮನಿ ನೋಡಿಲ್ಲ."

ಸೋನಾಬಾಯಿ ನಕ್ಕು, ವಿಷಯ ತಿಳಿದ ಮೇಲೆ ಬೈದಳು. "ನಮಗ್ಯಾಕ ಆ ಉಸಾಬರಿ? ನಮ್ಮ ಶ್ರೇಣಿಕನೂ ಆ ಗ್ರೂಪಿನ್ಯಾಗ ಅದಾನ. ಬರೇ ಫೋನ್ಯಾಗ ನೋಡ್ತಾನ, ಹೋಗೂದಿಲ್ಲ ಬರೂದಿಲ್ಲ." ಶ್ರೇಣಿಕ ಅವಳ ಮೊಮ್ಮಗ, ಕಾಲೇಜಿಗೆ ಹೋಗುವವನು. ಬೈಯುತ್ತಲೇ ಸೋನಾಬಾಯಿ ಸೋಸಿದ ನೀರಿನ ಬಾಟಲಿ ತುಂಬಿಸಿಕೊಂಡಳು. ಹೊತ್ತು ಮುಳುಗುವ ಮೊದಲು ಮನೆಗೆ ಬಂದು ಉಣ್ಣಬೇಕು ಎಂಬ ಕರಾರಿನ ಮೇಲೆ ಹೊರಟಳು. ಈಗಂತೂ ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ ಕಾರ್ಡು ತೋರಿಸಿದರೆ ಸಾಕು.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ನಿಪ್ಪಾಣಿಯಲ್ಲಿ ಇಳಿದಾಗ ಸೋನಾಬಾಯಿ ತಂಬಾಕಿನ ಘಾಟಿಗೆ ಸೆರಗು ಮೂಗಿಗೆ ಹಿಡಿದಳು. ಸುಂದ್ರವ್ವ ಗಿರಣಿ ಹುಡುಕಿದಳು.

"ಯಾವ ವಿಕ್ರಾಂತ? ಫ್ಲೆಕ್ಸಿನ್ಯಾಗ ಕೈ ಮುಗಿತಾನಲ್ಲ, ಅವನಾ?" ಎಂದಳು ಹಿಟ್ಟಿನ ಡಬ್ಬಿ ಹಿಡಿದು ನಿಂತ ಹೆಂಗಸು. "ಛಲೋ ಮನಿತನ. ಅವರವ್ವ ಭಾಳ ಅಂತಃಕರಣದಾಕಿ. ಆ ಮೂಲಿ ಗ್ಯಾರೇಜ ದಾಟಿದ್ರ ನೀಲಿ ಗೇಟು. ಅವನ ಗಾಡಿ ಅಲ್ಲೇ ನಿಂತಿರತೈತಿ, ಗ್ಯಾರೇಜಿನ್ಯಾಗ."

ಗ್ಯಾರೇಜಿನ ಬೋರ್ಡನ್ನು ಓದಿದವಳು ಸೋನಾಬಾಯಿ. "ಯುನೂಸ ಆಟೋ ಗ್ಯಾರೇಜ," ಎಂದು ಓದಿ, ಸುಂದ್ರವ್ವನ ಮುಖ ನೋಡಿದಳು. ಬಾನೆಟ್ ಎತ್ತಿದ ಗಾಡಿಯ ಹಿಂದಿನ ಗಾಜಿನ ಮೇಲೆ ಪಡೆಯ ಹೆಸರು ದೊಡ್ಡದಾಗಿ ಬರೆದಿತ್ತು. ಒಳಗೆ ತಲೆ ಹಾಕಿ ಬೋಲ್ಟು ಬಿಗಿಯುತ್ತಿದ್ದವನು ಇವರನ್ನು ನೋಡಿ, ದಾರಿ ಬೇಕೇನ್ರಿ ಎಂದು ಕೇಳಿ, ಕೈ ಮಾಡಿ ಮನೆ ತೋರಿಸಿದ.

"ಅಲ್ಲಾ ವೈನಿ, ನಮ್ಮ ಹುಡುಗ ಟ್ರ್ಯಾಲಿ ಎಳಕೊಂಡ ರಾಯಬಾಗಕ್ಕ ಹೋಗ್ತಾನ," ಅಂದಳು ಸುಂದ್ರವ್ವ. ಅವಳಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ನೀಲಿ ಗೇಟಿನ ಮುಂದೆ ನಿಂತು ನೀರು ಕೇಳಿದಳು. ವಿಕ್ರಾಂತನ ತಾಯಿ ಮರಾಠಿ ಬೆರೆಸಿ, "ಯಾ, ಯಾ, ಆತ ಯಾ, ಒಳಗ ಬರ್ರಿ, ಬಿಸಿಲಾಗ ಯಾಕ ನಿಂತೀರಿ?" ಎಂದು ಒಳಗೇ ಕರೆದಳು. ನೀರಿನ ಜೊತೆ ಬೆಲ್ಲ ಬಂತು, ಹಿಂದೆಯೇ ಚಹಾ ಬಂತು. ನೆಲ ಒರೆಸಿತ್ತು, ದೇವರ ಮುಂದೆ ದೀಪ ಇತ್ತು, ಕೆಲಸದ ಹುಡುಗಿಯನ್ನು ಕೂಡ ಬಾ ತಂಗಿ ಅನ್ನುವ ಬಾಯಿ. ಸುಂದ್ರವ್ವ ಮನಸ್ಸಿನಲ್ಲೇ ಮಾರ್ಕು ಹಾಕಿದಳು, ಹಾಕದೆ ಇರಲು ಆಗಲಿಲ್ಲ. ಹೆಣ್ಣು ಕೊಡಬಹುದಾದ ಮನೆ.

"ನಮ್ಮ ಕಡೆ ಪಾಟೀಲರದೊಂದ ಹುಡುಗಿ ಐತ್ರಿ," ಎಂದು ಸುಳ್ಳು ಸುರು ಮಾಡಿದಳು. "ನಿಮ್ಮಲ್ಲಿ ಗಂಡ ಹುಡುಗ ಅದಾನಂತ ಕೇಳಿದ್ವಿ."

ತಾಯಿಯ ಮುಖ ಅರಳಿತು. "ಸಣ್ಣಾವ, ಪ್ರಥಮೇಶ! ದೊಡ್ಡಾವಂದು ಲಗ್ನ ಆಗೇತಿ. ಪ್ರಥಮೇಶ ಕೊಲ್ಲಾಪುರದಾಗ ರೂಮ ಮಾಡ್ಯಾನ, ಬ್ಯಾಂಕಿನ ಪರೀಕ್ಷಾಕ್ಕ ಓದಾಕತ್ತಾನ."

"ಅಣ್ಣನ ಜೋಡಿ ಮೆರವಣಿಗಿ ಅದು ಇದು ಅಂತ ತಿರಗತಾನೇನ್ರಿ? ಹುಡುಗಿ ಕಡೆಯವರು ಜರಾ ಹೆದರತಾರ."

"ಛೇ ಛೇ ಛೇ!" ಆ ತಾಯಿ ಸುಂದ್ರವ್ವನ ಮೊಣಕಾಲು ಮುಟ್ಟಿ ಆಣೆ ಮಾಡುವಂತೆ ಹೇಳಿದಳು. "ಒಂದ ದಿವಸ ಕಳಿಸಿಲ್ಲ. ದೊಡ್ಡಾವನೇ ತಾಕೀತ ಮಾಡ್ಯಾನ, ನೀ ಈ ಕಡೆ ಕಾಲಿಟ್ರ ಕಾಲ ಮುರೀತೀನಿ ಅಂತ. ಫೋಟೋದಾಗ ಸೈತ ನಿಲ್ಲಸೂದಿಲ್ಲ. ಸ್ಟೇಷನ್ನಿನ್ಯಾಗ ಒಂದ ಸಲ ಹೆಸರ ಬಿದ್ರ ಮುಗೀತಲ್ಲ, ಯಾವ ನೌಕರಿ ಸಿಗತೈತಿ?"

"ಖರೆ ಐತ್ರಿ," ಎಂದಳು ಸುಂದ್ರವ್ವ. "ಮತ್ತ ಮುಂದ ನಿಂತು ಮಾಡಾವರು ಯಾರು?"

"ಹಳ್ಳಿ ಹುಡುಗರದಾರಲ್ರಿ. ಟ್ರ್ಯಾಕ್ಟರ ಹೊಡಿಯಾವು, ಕಬ್ಬ ಕಡಿಯಾವು. ಭಾಳ ಹುರುಪ ಅವಕ್ಕ. ಅವಕ್ಕೇನ ನೌಕರಿ ಹೋಗೂದೈತಿ?"

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಅನ್ನುವ ಹಾಗೆ ಹೇಳಿದಳು. ಅದಕ್ಕೇ ಸುಂದ್ರವ್ವನಿಗೆ ಹೆಚ್ಚು ಉರಿಯಿತು. ಆದರೂ ಅವಳಿಗೆ ಇನ್ನೊಂದು ಕೇಳುವುದಿತ್ತು, ಮಗ ದಸ್ತಗೀರನ ಅಂಗಡಿ ಬಿಟ್ಟಾಗಿನಿಂದ ಅವಳ ತಲೆ ತಿನ್ನುತ್ತಿದ್ದದ್ದು.

"ನಿಮ್ಮ ದೊಡ್ಡ ಮಗಗ ಆ ಮಂದಿ ಮ್ಯಾಲ ಅಷ್ಟ್ಯಾಕ್ರಿ ಸಿಟ್ಟ? ಏನರ ಆಗಿತ್ತೇನು?"

"ಸಿಟ್ಟಾ?" ತಾಯಿಗೆ ಆಶ್ಚರ್ಯವಾಯಿತು. "ನಮ್ಮ ವಿಕ್ರಾಂತಗಾ? ಅವ ಯಾರ ಮ್ಯಾಲೂ ಸಿಟ್ಟ ಮಾಡಾವಲ್ಲ. ಯುನೂಸ, ಇವ, ಒಂದ ತಾಟಿನ್ಯಾಗ ಉಂಡ ಬೆಳದಾವರು. ಅದು ಅವನ ಕೆಲಸ ಬಿಡ್ರಿ. ಮುಂದ ಇಲೆಕ್ಷನ್ನ ಐತಲ್ಲ."

ಹೊರಡುವಾಗ ಆ ತಾಯಿ ಇಬ್ಬರಿಗೂ ಕುಂಕುಮ ಹಚ್ಚಿ, ಉಡಿಗೆ ಕುಬಸದ ಖಣ ಹಾಕಿದಳು. ಬಸ್ಸಿನಲ್ಲಿ ಸುಂದ್ರವ್ವ ಆ ಖಣವನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕೋಡಿ ಬರುವವರೆಗೂ ಮಡಿಸುತ್ತ ಬಿಚ್ಚುತ್ತ ಕೂತಳು. ಆಮೇಲೆ ಒಂದೇ ಮಾತು ಅಂದಳು. "ಕಂಡಾವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಾಕತ್ತಾನ, ವೈನಿ."

"ನಮ್ಮ ಶ್ರೇಣಿಕ ಬರೇ ಫೋನ್ಯಾಗ ನೋಡ್ತಾನ," ಎಂದಳು ಸೋನಾಬಾಯಿ ಮತ್ತೊಮ್ಮೆ.

ರಾತ್ರಿ ಅವಳು ಕೇಳಿಬಂದದ್ದನ್ನೆಲ್ಲ ಹೇಳಿದರೂ ಲಖನ ನಂಬಲಿಲ್ಲ. ಯಾರೋ ಆಗದವರು ಹೇಳಿದ್ದು ಅಂದ, ನೀನು ಬೇರೆ ಯಾರದೋ ಮನೆಗೆ ಹೋಗಿರಬೇಕು ಅಂದ, ಕೊನೆಗೆ ದಾದಾನ ತಾಯಿಯನ್ನು ಮೋಸ ಮಾಡಿ ಬಂದೆಯಾ ಎಂದು ಅವಳ ಮೇಲೆಯೇ ಹರಿಹಾಯ್ದ. ಸುಂದ್ರವ್ವ ವಾದ ಮಾಡಲಿಲ್ಲ. "ನಾ ಹೇಳಿದ್ದ ನಂಬಬ್ಯಾಡ. ನೀನೇ ಕೇಳು," ಎಂದು ಮಲಗಿದಳು. ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ರವಿವಾರ ಬಿಸಿಲೇರುವ ಹೊತ್ತಿಗೆ ಮೆರವಣಿಗೆ ದಸ್ತಗೀರನ ಅಂಗಡಿಯ ಮುಂದೆ ಬಂದು ನಿಂತಿತು. ಷಟರು ಅರ್ಧ ಇಳಿದಿತ್ತು, ಅದರ ಕೆಳಗೆ ಮೂರು ಜೊತೆ ಕಾಲು ಕಾಣುತ್ತಿದ್ದವು. ಗೋಡೆಗೆ ಒಂದು ಕಬ್ಬಿಣದ ಏಣಿ ಹಚ್ಚಿದ್ದರು. ಊರಿನ ಹೆಂಗಸರು ಮಾಳಿಗೆ ಮೇಲೆ, ಗಂಡಸರು ಮೂಲೆಗಳಲ್ಲಿ. ಇಬ್ಬರು ಪೊಲೀಸರು ಬೇವಿನ ಮರದ ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದರು. ವಿಕ್ರಾಂತ ಗಾಡಿಯಿಂದ ಇಳಿದು ಎಲ್ಲರಿಗೂ ಕೈ ಮುಗಿದ. ಫ್ಲೆಕ್ಸಿನಲ್ಲಿ ಇದ್ದ ಹಾಗೆಯೇ ಇದ್ದ. ಧ್ವಜವನ್ನು ಲಖನನ ಕೈಗೆ ಕೊಟ್ಟ.

ಆಗ ಸುಂದ್ರವ್ವ ನಿಪ್ಪಾಣಿಯ ಖಣ ಹಿಡಿದುಕೊಂಡು ಹುಡುಗರ ನಡುವೆ ನುಗ್ಗಿ ಬಂದಳು.

"ಬರ್ರಿ ಬೀಗರ!" ಅಂದಳು, ಇಡೀ ಓಣಿಗೆ ಕೇಳುವ ಹಾಗೆ. "ನಿಮ್ಮವ್ವನ ಕೈಯಾಗಿನ ಚಹಾ ಕುಡದ ಬಂದೀನಿ. ದೇವರಂಥ ಹೆಣಮಗಳು. ಉಡಿ ತುಂಬಿ ಕಳಿಸ್ಯಾರ ನೋಡ್ರಿ."

ವಿಕ್ರಾಂತನ ಮುಗಿದ ಕೈ ಅಲ್ಲೇ ನಿಂತಿತು. "ಯಾವಾಗ ಬಂದಿದ್ರಿ ಕಾಕು?"

"ಅದಿರಲಿ. ನಾ ನಿಮಗ ಮಗನ್ನ ಕೊಟ್ಟೀನಿ. ಒಂದ ಕೈ ಕೊಟ್ಟು ಒಂದ ಕೈ ತರೂದ ನಮ್ಮ ರೀತಿ. ನಿಮ್ಮ ತಮ್ಮ ಪ್ರಥಮೇಶನ್ನ ಕರಸ್ರಿ. ನಮ್ಮ ಲಖನ ಆ ಬಾಜೂ, ಅವ ಈ ಬಾಜೂ, ಇಬ್ಬರೂ ಕೂಡೇ ಏರಲಿ. ನಾನೇ ಆರತಿ ಮಾಡ್ತೀನಿ."

ಮಾಳಿಗೆಯ ಮೇಲೆ ಯಾರೋ ಕಿಸಕ್ಕೆಂದರು. ವಿಕ್ರಾಂತ ನಕ್ಕ. "ಅವಂದು ಪರೀಕ್ಷಾ ಐತ್ರಿ ಕಾಕು."

"ಯಾವಾಗ?"

"ಬರೂ ತಿಂಗಳ."

"ಹಂಗಾದ್ರ ಪರೀಕ್ಷಾ ಮುಗೀಲಿ. ಧ್ವಜಾಕ್ಕೇನ ಅವಸರ? ಅಂಗಡಿ ಎಲ್ಲಿ ಓಡಿ ಹೋಗತೈತಿ?"

ಈಗ ನಗೆ ಜೋರಾಯಿತು. ವಿಕ್ರಾಂತ ಲಖನನ ಕಡೆ ತಿರುಗಿ ಮೆಲ್ಲಗೆ, "ಅವ್ವನ್ನ ಮನಿಗೆ ಕಳಸು," ಅಂದ. ಲಖನ ಕದಲಲಿಲ್ಲ. ಧ್ವಜದ ಕೋಲು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ದಾದಾ, ನಿಮಗ ತಮ್ಮ ಅದಾನೇನು?"

"ಈಗ್ಯಾಕ ಆ ಮಾತು?"

"ಇಲ್ಲ, ಸುಮ್ಮ ಕೇಳಿದೆ. ನಾಕ ತಿಂಗಳಾತು, ಒಂದ ಸಲಾನೂ ಹೇಳಲಿಲ್ಲ."

ವಿಕ್ರಾಂತ ಲಖನನ ಕೈಯಿಂದ ಕೋಲು ತೆಗೆದುಕೊಂಡು ಪಕ್ಕದಲ್ಲಿ ಫೋನು ಹಿಡಿದು ನಿಂತ ಹುಡುಗನಿಗೆ ಕೊಟ್ಟ. ಆ ಹುಡುಗ ಹಿಗ್ಗಿ ಫೋನು ಜೇಬಿಗಿಟ್ಟು ಏಣಿಯ ಮೆಟ್ಟಿಲ ಮೇಲೆ ಕಾಲಿಟ್ಟ. ಶ್ರೇಣಿಕ. ಸೋನಾಬಾಯಿಯ ಮೊಮ್ಮಗ.

ಸುಂದ್ರವ್ವನಿಗೆ ಎದೆ ಧಸಕ್ಕೆಂದಿತು. ತನ್ನ ಕೂಸನ್ನು ಎತ್ತಿಕೊಂಡು ಇನ್ನೊಬ್ಬಳ ಕೂಸನ್ನು ಅದೇ ಬಾವಿಗೆ ದೂಡಿದ ಹಾಗಾಯಿತಲ್ಲ! ಎದುರು ಕಟ್ಟೆಯ ಮೇಲೆ ಸೋನಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಷಟರಿನ ಕೆಳಗಿನ ಕಾಲುಗಳು ಸರಿದಾಡಿದವು, ಒಳಗೆ ಕಬ್ಬಿಣ ನೆಲಕ್ಕೆ ತಾಗಿದ ಸದ್ದಾಯಿತು.

ಏಣಿ ಹಿಡಿದವನು ಲಖನ.

"ಶ್ರೇಣ್ಯಾ, ಇಳೀ."

"ಬಿಡೋ ಲಖಣ್ಣಾ, ವಿಡಿಯೋ ಮಾಡು ನೀ."

"ಇಳಿಯಲೇ. ನಿಮ್ಮ ಆಯಿನೂ ನಿಪ್ಪಾಣಿಗೆ ಹೋಗಿದ್ಲು. ಕೇಳು ಅಕೀನ್ನ. ಸ್ಟೇಷನ್ನಿನ್ಯಾಗ ಹೆಸರ ಬಿದ್ರ ದಾದಾನ ತಮ್ಮಗ ನೌಕರಿ ಸಿಗೂದಿಲ್ಲಂತ, ನಮ್ಮಂಥಾವರದು ಏನೂ ಹೋಗೂದಿಲ್ಲಂತ, ದಾದಾನ ಮನ್ಯಾಗ ಹಂಗ ಅಂತಾರ."

ಶ್ರೇಣಿಕ ಏಣಿಯ ಮೇಲಿನಿಂದಲೇ ಅಜ್ಜಿಯನ್ನು ನೋಡಿದ. ಸೋನಾಬಾಯಿ ಸೆರಗು ತೆಗೆದು, "ಹೌದಪ್ಪಾ, ನನ್ನ ಕಿವಿಲೇ ಕೇಳೀನಿ, ಇಳೀ," ಎಂದಳು. ಅವಳು ಅಳುತ್ತಿದ್ದಳು. ಹುಡುಗ ಇಳಿದ. ಧ್ವಜವನ್ನು ಯಾರ ಕೈಗೆ ಕೊಡಬೇಕೋ ತಿಳಿಯದೆ ಗುಡಿಯ ಕಡೆಗೆ ತೆಗೆದುಕೊಂಡು ಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಹುಡುಗರು ಸರಿದರು.

ವಿಕ್ರಾಂತ ಬೈಯಲಿಲ್ಲ, ಕೂಗಲಿಲ್ಲ. ಮತ್ತೊಮ್ಮೆ ಎಲ್ಲರಿಗೂ ಕೈ ಮುಗಿದು ಗಾಡಿ ಹತ್ತಿದ. "ಮುಂದಿನ ಊರಿಗೆ ನಡೀ, ಸತ್ತಿಗೆ," ಎಂದು ಡ್ರೈವರನಿಗೆ ಹೇಳಿದ್ದು ಸುಂದ್ರವ್ವನಿಗೆ ಕೇಳಿಸಿತು. ಅವನ ಮುಖವನ್ನು ಅವಳು ಬಗ್ಗಿ ನೋಡಿದಳು. ಅವನ ತಾಯಿ ಹೇಳಿದ್ದು ನಿಜವೇ, ಸಿಟ್ಟು ಅಲ್ಲಿ ಇರಲಿಲ್ಲ. ಬಸ್ಸು ತಪ್ಪಿದವನ ಬೇಸರವಿತ್ತು, ಅಷ್ಟೇ. ಅದನ್ನು ಕಂಡು ಅವಳಿಗೆ ಹೆದರಿಕೆಯಾಯಿತು.

ಓಣಿ ಖಾಲಿಯಾದ ಮೇಲೆ ಷಟರು ಎತ್ತಿಕೊಂಡು ದಸ್ತಗೀರ ಹೊರಗೆ ಬಂದ. ಲಖನ ಇನ್ನೂ ಏಣಿ ಹಿಡಿದೇ ನಿಂತಿದ್ದ. ಬಿಡಬೇಕೋ ಬೇಡವೋ ತಿಳಿಯದವನಂತೆ ನೆಲ ನೋಡುತ್ತಿದ್ದ.

"ಈ ಏಣಿ ಯಾರದು?" ಎಂದಳು ಸುಂದ್ರವ್ವ. ಕೇಳದಿದ್ದರೆ ಅವಳು ಸುಂದ್ರವ್ವ ಹೇಗಾದಾಳು!

"ನಂದ ಅಕ್ಕಾ," ಎಂದ ದಸ್ತಗೀರ. "ಇಷ್ಟ ಉದ್ದಂದು ಊರಾಗ ಇದೊಂದೇ ಐತಿ. ನಿನ್ನಿ ಸಂಜಿಮುಂದ ಲಖನ ಬಂದ ಒಯ್ದ."

"ಯಾಕ ಬೇಕಂತ ಕೇಳಲಿಲ್ಲಾ?"

"ಕೇಳೂದೇನ ಬಂತು, ಊರಿಗೇ ಗೊತ್ತಿತ್ತು."

"ಗೊತ್ತಿದ್ದೂ ಕೊಟ್ಟ್ಯಾ?"

ದಸ್ತಗೀರ ಲಖನನ ಕೈಯಿಂದ ಏಣಿ ಬಿಡಿಸಿಕೊಂಡು ಅದರ ಕಾಲನ್ನು ಸರಿಯಾಗಿ ನೆಲಕ್ಕೆ ಊರಿದ. "ಕೊಡದಿದ್ರ ಯಾರದರ ಬಿದಿರಿನ ಏಣಿ ತರ್ತಿದ್ದ ಅಕ್ಕಾ. ತಗಡಿನ ಮ್ಯಾಲ ಏರೂದೈತಿ, ಜಾರತೈತಿ. ಬಿದ್ದ ಕಾಲಗೀಲ ಮುರಕೊಂಡಿದ್ರ?"

ಲಖನ ಅಲ್ಲೇ, ಏಣಿಯ ಬುಡದಲ್ಲಿ ಕುಸಿದು ಕೂತು, ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ದಸ್ತಗೀರ ಸಮಾಧಾನ ಮಾಡಲು ಬಗ್ಗಿದಾಗ ಸುಂದ್ರವ್ವ ಅವನ ತೋಳು ಹಿಡಿದು ತಡೆದಳು.

"ಅಳಲಿ ಬಿಡು ತಮ್ಮಾ," ಅಂದಳು.